ಹಗಲು ಆಸ್ಪತ್ರೆ, ರಾತ್ರಿ ಮನೆ



ಓರ್ವ ತಾಯಿ ಹೀಗೆ ಕೇಳಿದ್ದಾರೆ: 'ನನ್ನ ಮಗಳಿಗೆ ಹದಿನೇಳು ವರ್ಷ. ಪಿಯುಸಿ ಓದುತ್ತಿದ್ದಾಳೆ. ಮೂರು ತಿಂಗಳಿಂದ ಕೋಣೆ ಬಿಟ್ಟು ಹೊರಗೆ ಬರುವುದಿಲ್ಲ. ಊಟ ಸೇರುವುದಿಲ್ಲ, ರಾತ್ರಿ ನಿದ್ದೆಯಿಲ್ಲ, ಮಾತನಾಡಿಸಿದರೆ ಅಳುತ್ತಾಳೆ. ಮನೋರೋಗ ತಜ್ಞರಿಗೆ ತೋರಿಸಿದೆವು. ಅಡ್ಮಿಟ್ ಮಾಡಬೇಕಾಗಿಲ್ಲ, ಆದರೆ ತಿಂಗಳಿಗೊಮ್ಮೆ ಬಂದು ಮಾತ್ರೆ ಬರೆಸಿಕೊಂಡು ಹೋದರೆ ಸಾಲದು, ಕೆಲವು ವಾರಗಳ ಕಾಲ ವಾರಕ್ಕೆ ನಾಲ್ಕು ದಿನ ಬೆಳಿಗ್ಗೆ ಕರೆತನ್ನಿ, ಮಧ್ಯಾಹ್ನ ಮನೆಗೆ ಕರೆದುಕೊಂಡು ಹೋಗಿ ಎಂದಿದ್ದಾರೆ. ಅಡ್ಮಿಟ್ ಮಾಡದ ಕಾಯಿಲೆಗೆ ದಿನಾಲೂ ಆಸ್ಪತ್ರೆ ಯಾಕೆ ಎಂದು ನನ್ನ ಅತ್ತೆ ಕೇಳುತ್ತಾರೆ. ನೆರೆಕರೆಯವರು ಕೇಳಿದರೆ ಏನು ಹೇಳುವುದು ಎಂದು ಮನೆಯವರು ಕೇಳುತ್ತಾರೆ. ನಾನೇನು ಮಾಡಲಿ?'

ಹೆಸರು, ಊರು ಹಾಕಬೇಡಿ ಎಂದು ಆ ತಾಯಿ ಎರಡೆರಡು ಬಾರಿ ವಿನಂತಿಸಿಕೊಂಡಿದ್ದಾರೆ. ಮಗಳಿಗೆ ಟೈಫಾಯ್ಡ್ ಬಂದಿದ್ದರೆ ಹೀಗೆ ವಿನಂತಿಸುವ ಅಗತ್ಯ ಬೀಳುತ್ತಿರಲಿಲ್ಲ. ಇರಲಿ, ಮೊದಲು ಅವರ ಪ್ರಶ್ನೆಯನ್ನು ನೋಡೋಣ.

ನಮಗೆ ಆಸ್ಪತ್ರೆಯ ಎರಡೇ ಬಾಗಿಲು ಗೊತ್ತು. ಒಂದು, ಚೀಟಿ ಮಾಡಿಸಿ ಡಾಕ್ಟರನ್ನು ಕಂಡು ಮಾತ್ರೆ ತೆಗೆದುಕೊಂಡು ಬರುವುದು. ಇನ್ನೊಂದು, ಅಡ್ಮಿಟ್ ಆಗುವುದು. ಮೊದಲನೆಯದು ಸಣ್ಣ ಕಾಯಿಲೆ, ಎರಡನೆಯದು ದೊಡ್ಡ ಕಾಯಿಲೆ ಎಂಬುದು ನಮ್ಮ ಲೆಕ್ಕಾಚಾರ. ಆದರೆ ದೇಹದ ಕಾಯಿಲೆಗಳಲ್ಲೇ ಈ ಲೆಕ್ಕಾಚಾರ ತಪ್ಪಿ ಬಹಳ ಕಾಲವಾಯಿತು. ಮೂತ್ರಪಿಂಡ ಕೆಟ್ಟವರು ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆ ಹೋಗಿ ಸಂಜೆ ಮನೆಗೆ ಬರುತ್ತಾರೆ. ಕೈ ಮುರಿದವರು ಪ್ಲಾಸ್ಟರ್ ಬಿಚ್ಚಿದ ಮೇಲೆ ವಾರಗಟ್ಟಲೆ ವ್ಯಾಯಾಮಕ್ಕೆ ಹೋಗುತ್ತಾರೆ. 'ಅಡ್ಮಿಟ್ ಮಾಡದಿದ್ದರೆ ಅದೇನು ಕಾಯಿಲೆ?' ಎಂದು ಅವರನ್ನು ಯಾರೂ ಕೇಳುವುದಿಲ್ಲ. ಮನಸ್ಸಿನ ಕಾಯಿಲೆಗೂ ಹೀಗೊಂದು ನಡುವಿನ ದಾರಿ ಇದೆ. ತಿಂಗಳಿಗೊಮ್ಮೆ ಹತ್ತು ನಿಮಿಷ ಡಾಕ್ಟರನ್ನು ಕಂಡರೆ ಸಾಲದು, ಆದರೆ ಮನೆ ಬಿಟ್ಟು ವಾರ್ಡಿನಲ್ಲಿ ಮಲಗಬೇಕಾದಷ್ಟು ಅಪಾಯವೂ ಇಲ್ಲ ಎಂಬ ಸ್ಥಿತಿಯಲ್ಲಿರುವವರಿಗಾಗಿ ಈ ದಾರಿ.

ಅಮೆರಿಕದಲ್ಲಿ ಇದಕ್ಕೆ 'ಇಂಟೆನ್ಸಿವ್ ಔಟ್‌ಪೇಷಂಟ್' ಚಿಕಿತ್ಸೆ ಎನ್ನುತ್ತಾರೆ. ರೋಗಿ ಹೊರರೋಗಿಯಾಗಿಯೇ ಇರುತ್ತಾನೆ, ಆದರೆ ಚಿಕಿತ್ಸೆ ಮಾತ್ರ ತೀವ್ರವಾಗಿರುತ್ತದೆ. ಸಾಮಾನ್ಯವಾಗಿ ವಯಸ್ಕರಿಗೆ ವಾರಕ್ಕೆ ಕನಿಷ್ಠ 9 ಗಂಟೆ, ಅಂದರೆ ದಿನಕ್ಕೆ 3 ಗಂಟೆಯಂತೆ ವಾರಕ್ಕೆ ಮೂರು ದಿನವಾದರೂ ಬರಬೇಕು. ಹದಿಹರೆಯದವರಿಗೆ ಕನಿಷ್ಠ 6 ಗಂಟೆ. ಶಾಲೆ ತಪ್ಪದಿರಲೆಂದು ಮಕ್ಕಳ ಗುಂಪನ್ನು ಮಧ್ಯಾಹ್ನದ ನಂತರ ಇಡುವುದುಂಟು, ನೌಕರಿಗೆ ಹೋಗುವವರಿಗೆ ಸಂಜೆಯ ಗುಂಪೂ ಇರುತ್ತದೆ. ಇದಕ್ಕಿಂತ ಒಂದು ಮೆಟ್ಟಿಲು ಮೇಲೆ, ವಾರಕ್ಕೆ 20 ಗಂಟೆಗೂ ಹೆಚ್ಚು ಕಾಲ ಆಸ್ಪತ್ರೆಯಲ್ಲಿದ್ದು ರಾತ್ರಿ ಮಲಗಲು ಮಾತ್ರ ಮನೆಗೆ ಹೋಗುವ ವ್ಯವಸ್ಥೆಯೂ ಇದೆ. ವಾರ್ಡಿನಿಂದ ಬಿಡುಗಡೆಯಾದವರು ಮೆಟ್ಟಿಲಿಳಿದು ಇಲ್ಲಿಗೆ ಬರುತ್ತಾರೆ. ತಿಂಗಳಿಗೊಮ್ಮೆಯ ಭೇಟಿ ಸಾಲದವರು ಮೆಟ್ಟಿಲು ಹತ್ತಿ ಇಲ್ಲಿಗೆ ಬರುತ್ತಾರೆ. ಅಲ್ಲಿನ ಹಿರಿಯ ನಾಗರಿಕರ ಸರಕಾರಿ ವಿಮೆಯಾದ ಮೆಡಿಕೇರ್ ಈ ಚಿಕಿತ್ಸೆಯ ಖರ್ಚು ಕೊಡಲು ತೊಡಗಿದ್ದು 2024ರ ಜನವರಿಯಲ್ಲಿ. ಅಂದರೆ ಹಣವಂತ ದೇಶದಲ್ಲೂ ಈ ನಡುವಿನ ದಾರಿಗೆ ಪೂರ್ಣ ಮಾನ್ಯತೆ ಸಿಗಲು ಸಮಯ ಹಿಡಿದಿದೆ.

ಹಾಗೆಂದು ಈ ಆಲೋಚನೆ ಹೊಸದೇನಲ್ಲ. 1933ರಲ್ಲಿ ಮಾಸ್ಕೋದಲ್ಲಿ ಹಾಸಿಗೆಗಳ ಕೊರತೆಯಿಂದಾಗಿ ಮನೋರೋಗಿಗಳನ್ನು ಹಗಲು ಹೊತ್ತಿನಲ್ಲಿ ಮಾತ್ರ ಇಟ್ಟುಕೊಳ್ಳುವ ಆಸ್ಪತ್ರೆ ಆರಂಭವಾಯಿತು. 1940ರ ದಶಕದಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲೂ ಲಂಡನ್‌ನಲ್ಲೂ 'ಡೇ ಹಾಸ್ಪಿಟಲ್'ಗಳು ಬಂದವು. ಕೊರತೆಯಿಂದ ಹುಟ್ಟಿದ ಈ ಉಪಾಯ ಗುಣದಲ್ಲೂ ಕಡಿಮೆಯಿಲ್ಲವೆಂದು ಮುಂದೆ ತಿಳಿಯಿತು. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕೊಕ್ರೇನ್ ಸಂಸ್ಥೆಯ 2011ರ ವಿಮರ್ಶೆಯ ಪ್ರಕಾರ, ಸೂಕ್ತವಾದ ರೋಗಿಗಳನ್ನು ಆರಿಸಿದರೆ ಹಗಲು ಆಸ್ಪತ್ರೆಯ ಚಿಕಿತ್ಸೆ ಅಡ್ಮಿಟ್ ಮಾಡಿ ಕೊಡುವ ಚಿಕಿತ್ಸೆಯಷ್ಟೇ ಫಲಕಾರಿ. ಆ ತಾಯಿಯ ಅತ್ತೆಯವರಿಗೆ ಇದನ್ನು ಹೇಳಬಹುದು. ಡಾಕ್ಟರು ಕಾಯಿಲೆಯನ್ನು ಸಣ್ಣದೆಂದು ತಳ್ಳಿಹಾಕಿಲ್ಲ, ಮಗುವನ್ನು ಕೈಬಿಟ್ಟೂ ಇಲ್ಲ.

ನಮ್ಮ ದೇಶದಲ್ಲಿ ಈ ಕತೆಗೆ ಇನ್ನೊಂದು ಅಧ್ಯಾಯವಿದೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಎಂಬ ವೈದ್ಯರಿದ್ದರು. ಮನೋರೋಗಿಯನ್ನು ಆಸ್ಪತ್ರೆಗೆ ಸೇರಿಸಿ ಮನೆಯವರು ಹಿಂದಿರುಗಿ ನೋಡದೆ ಹೋಗುತ್ತಿದ್ದ ಕಾಲವದು. ಈ ವೈದ್ಯರು ಆಸ್ಪತ್ರೆಯ ಅಂಗಳದಲ್ಲಿ ಡೇರೆ ಹಾಕಿಸಿ ಮನೆಯವರನ್ನೂ ರೋಗಿಯ ಜೊತೆಗೇ ಉಳಿಸಿಕೊಂಡರು. ತಾಯಿ, ಅಣ್ಣ, ಹೆಂಡತಿ ಎಲ್ಲರೂ ಚಿಕಿತ್ಸೆಯನ್ನು ಕಣ್ಣಾರೆ ಕಂಡರು, ರೋಗಿಯ ಜೊತೆ ಹೇಗೆ ಮಾತನಾಡಬೇಕೆಂದು ಕಲಿತರು. ರೋಗಿಗಳು ಬೇಗ ಚೇತರಿಸಿಕೊಂಡು ಮನೆಯವರ ಜೊತೆಗೇ ಹಿಂದಿರುಗಿದರು. ಮನೆಯವರನ್ನು ಚಿಕಿತ್ಸೆಯೊಳಗೆ ಸೇರಿಸಿಕೊಳ್ಳುವ ಈ ಪದ್ಧತಿ ಭಾರತದ ಮನೋವೈದ್ಯಶಾಸ್ತ್ರದ ಹೆಮ್ಮೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ರೋಗಿಯ ಜೊತೆ ಮನೆಯವರೂ ಇರಬಹುದಾದ ಫ್ಯಾಮಿಲಿ ವಾರ್ಡು ಬಂದದ್ದೂ ಇದೇ ಆಲೋಚನೆಯಿಂದ.

ಇನ್ನು, ಅಷ್ಟು ಗಂಟೆಗಳ ಕಾಲ ಅಲ್ಲಿ ಏನು ಮಾಡಿಸುತ್ತಾರೆ? ಶಾಕ್ ಕೊಡುತ್ತಾರೆಯೇ, ಕಟ್ಟಿಹಾಕುತ್ತಾರೆಯೇ ಎಂದು ಹೆದರುವವರಿದ್ದಾರೆ. ಅಂತಹದ್ದೇನೂ ಇಲ್ಲ. ಡಾಕ್ಟರು ಮಾತ್ರೆಯ ಪರಿಣಾಮ ಮತ್ತು ಅಡ್ಡಪರಿಣಾಮಗಳನ್ನು ನೋಡುತ್ತಾರೆ. ಖಿನ್ನತೆಯ ಮಾತ್ರೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳ ಬಳಿಕ ಕೆಲಸ ತೋರಿಸತೊಡಗುತ್ತದೆ. ಬಹಳಷ್ಟು ಜನ ಮಾತ್ರೆ ಬಿಡುವುದು ಆ ನಡುವಿನ ದಿನಗಳಲ್ಲೇ. ವಾರದಲ್ಲಿ ಹಲವು ದಿನ ಯಾರಾದರೂ ನೋಡುತ್ತಿದ್ದರೆ ಹಾಗೆ ಬಿಡುವ ಸಾಧ್ಯತೆ ಕಡಿಮೆ. ಆಪ್ತಸಮಾಲೋಚಕರು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತನಾಡುತ್ತಾರೆ. ಎಂಟು ಹತ್ತು ಮಂದಿಯ ಗುಂಪು ಮಾಡಿ ಕೆಲವು ಕೌಶಲಗಳನ್ನು ಪಾಠದಂತೆ ಕಲಿಸುತ್ತಾರೆ, ಮನೆಗೆಲಸವನ್ನೂ ಕೊಡುತ್ತಾರೆ. ಶಿಕ್ಷಕವರ್ಗಕ್ಕೆ ಸೇರಿದವರಿಗೆ ಇದು ತುಂಬ ಪರಿಚಿತವಾಗಿ ಕಾಣುತ್ತದೆ.

ಈ ಪಾಠಗಳಲ್ಲಿ ಒಂದರ ಹಿಂದಿರುವ ವ್ಯಕ್ತಿಯ ಬದುಕು ತಿಳಿಯತಕ್ಕದ್ದು. ಅಮೆರಿಕದ ಮಾರ್ಷಾ ಲೈನ್‌ಹ್ಯಾನ್ 1961ರಲ್ಲಿ, ತನ್ನ ಹದಿನೇಳನೆಯ ವಯಸ್ಸಿನಲ್ಲಿ, ಒಂದು ಮಾನಸಿಕ ಆಸ್ಪತ್ರೆಗೆ ದಾಖಲಾದರು. ತನ್ನ ದೇಹಕ್ಕೆ ತಾನೇ ಗಾಯ ಮಾಡಿಕೊಳ್ಳುತ್ತಿದ್ದ ಆ ಹುಡುಗಿಯನ್ನು ಒಂಟಿ ಕೋಣೆಯಲ್ಲಿ ಇಡಲಾಯಿತು. ಎರಡು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿದ್ದು ಹೊರಬಂದ ಅವರು ಓದಿ ಮನಶ್ಶಾಸ್ತ್ರಜ್ಞೆಯಾದರು. ತನ್ನಂತಹ ರೋಗಿಗಳಿಗಾಗಿ 'ಡಿಬಿಟಿ' ಎಂಬ ಚಿಕಿತ್ಸೆಯನ್ನು ರೂಪಿಸಿದರು. ಇಂದು ಹದಿಹರೆಯದವರ ತೀವ್ರ ಹೊರರೋಗಿ ಚಿಕಿತ್ಸೆಯಲ್ಲಿ ಬಹಳವಾಗಿ ಬಳಕೆಯಲ್ಲಿರುವುದು ಇದೇ. ತಾನೂ ಒಮ್ಮೆ ರೋಗಿಯಾಗಿದ್ದೆ ಎಂದು ಅವರು ಬಹಿರಂಗವಾಗಿ ಹೇಳಿದ್ದು 2011ರಲ್ಲಿ, ತಾನು ದಾಖಲಾಗಿದ್ದ ಅದೇ ಆಸ್ಪತ್ರೆಯಲ್ಲಿ ನಿಂತು. ಹೆಸರು ಹಾಕಬೇಡಿ ಎಂದ ನಮ್ಮ ತಾಯಿಯ ಸಂಕೋಚ ಎಲ್ಲ ದೇಶಗಳಲ್ಲೂ ಇದೆ ನೋಡಿ!

ಅವರು ಕಲಿಸುವುದು ನಾಲ್ಕು ಸಂಗತಿಗಳನ್ನು. ಈ ಕ್ಷಣದಲ್ಲಿ ಏನು ನಡೆಯುತ್ತಿದೆಯೋ ಅದರ ಮೇಲೆ ಗಮನ ನಿಲ್ಲಿಸುವುದು, ಸಂಕಟದ ಅಲೆ ಎದ್ದಾಗ ಹೊಸ ಅನಾಹುತ ಮಾಡಿಕೊಳ್ಳದೆ ಅದನ್ನು ದಾಟುವುದು, ಭಾವನೆಗಳನ್ನು ಗುರುತಿಸಿ ಹಿಡಿತದಲ್ಲಿಡುವುದು, ಸಂಬಂಧ ಕೆಡಿಸಿಕೊಳ್ಳದೆ ಬೇಕಾದುದನ್ನು ಕೇಳುವುದು ಮತ್ತು ಬೇಡವಾದುದಕ್ಕೆ ಇಲ್ಲವೆನ್ನುವುದು. ಉದಾಹರಣೆಗೆ, ಸಂಕಟ ಉಕ್ಕಿದಾಗ ಮುಖವನ್ನು ತಣ್ಣೀರಿನಲ್ಲಿ ಅದ್ದಬೇಕು, ಆಗ ಎದೆಬಡಿತ ನಿಧಾನವಾಗುತ್ತದೆ ಎಂದು ಕಲಿಸುತ್ತಾರೆ. (ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಮಾಡಬಾರದು.) ಕೋಪ ಬಂದಾಗ ಎದ್ದು ವುಝೂ ಮಾಡಿಕೊಳ್ಳುವ ರೂಢಿಯಿರುವ ಮನೆಗಳಿಗೆ ಇದು ಅಪರಿಚಿತವೆನಿಸದು. ಹದಿಹರೆಯದವರ ಗುಂಪಿನಲ್ಲಿ ಇನ್ನೊಂದು ವಿಶೇಷವಿದೆ. ಮಕ್ಕಳ ಜೊತೆ ತಂದೆತಾಯಿಯೂ ಕುಳಿತು ಅದೇ ಪಾಠ ಕಲಿಯಬೇಕು. ಮಗಳಿಗೆ 'ಸಿಟ್ಟು ನುಂಗಿಕೋ' ಎಂದು ಕಲಿಸಿ ಮನೆಗೆ ಕಳುಹಿಸಿದರೆ, ಬಾಗಿಲಲ್ಲೇ ತಂದೆ ಕೂಗಾಡುತ್ತಿದ್ದರೆ ಆ ಪಾಠ ಎಷ್ಟು ಹೊತ್ತು ನಿಂತೀತು?

ನಾನು ಇಂದು ಮುಖ್ಯವಾಗಿ ಹೇಳಬೇಕೆಂದಿರುವುದು ಈ ಬಾಗಿಲಿನ ವಿಷಯವನ್ನೇ. ವಾರ್ಡಿನಲ್ಲಿರುವ ರೋಗಿಯ ಹೊಣೆ ಇಪ್ಪತ್ತನಾಲ್ಕು ಗಂಟೆಯೂ ಆಸ್ಪತ್ರೆಯದು. ಹಗಲು ಚಿಕಿತ್ಸೆಯಲ್ಲಿ ವಾರದ 168 ಗಂಟೆಗಳಲ್ಲಿ ಆಸ್ಪತ್ರೆಗೆ ಸಿಗುವುದು ಹತ್ತೋ ಹದಿನೈದೋ. ಉಳಿದದ್ದೆಲ್ಲ ನಮ್ಮ ಪಾಲಿಗೆ. ಆ ಹೊತ್ತಿನಲ್ಲಿ ಮನೆಯಲ್ಲಿ ಆಡುವ ಮಾತು ಮದ್ದೂ ಆಗಬಹುದು, ವಿಷವೂ ಆಗಬಹುದು. ಇದು ಬರೀ ಉಪದೇಶವಲ್ಲ, ಲೆಕ್ಕ ಹಾಕಿ ನೋಡಿರುವ ಸಂಗತಿ.

1950ರ ದಶಕದಲ್ಲಿ ಲಂಡನ್‌ನ ಸಂಶೋಧಕ ಜಾರ್ಜ್ ಬ್ರೌನ್ ಮಾನಸಿಕ ಆಸ್ಪತ್ರೆಯಿಂದ ಬಿಡುಗಡೆಯಾದವರ ಮುಂದಿನ ಬದುಕನ್ನು ಗಮನಿಸಿದರು. ತಂದೆತಾಯಿ ಅಥವಾ ಹೆಂಡತಿಯ ಬಳಿಗೆ ಹೋದವರು ಬೇಗ ಚೇತರಿಸಿಕೊಂಡಾರು ಎಂದು ಯಾರಾದರೂ ಭಾವಿಸುತ್ತಾರೆ. ಆದರೆ ಬಾಡಿಗೆ ಕೋಣೆಗೋ ಒಡಹುಟ್ಟಿದವರ ಮನೆಗೋ ಹೋದವರಿಗಿಂತ ಇವರಲ್ಲೇ ಹೆಚ್ಚು ಮಂದಿ ಮತ್ತೆ ಆಸ್ಪತ್ರೆಗೆ ಬಂದರು. ಯಾಕೆ? ಬ್ರೌನ್ ಮತ್ತು ಸಂಗಡಿಗರು ಮನೆಯವರನ್ನು ಕೂರಿಸಿ ಮಾತನಾಡಿಸಿದರು. ರೋಗಿಯ ಬಗ್ಗೆ ಎಷ್ಟು ಟೀಕೆಯ ಮಾತು ಬಂತು, ಎಷ್ಟು ದ್ವೇಷ ಕಂಡಿತು, ಎಷ್ಟು ಅತಿಯಾದ ಕಾಳಜಿ ಕಂಡಿತು ಎಂದು ಅಳೆದರು. 1972ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಇಂತಹ ಮಾತು ಹೆಚ್ಚಾಗಿದ್ದ ಮನೆಗಳಲ್ಲಿ ಸ್ಕಿಝೋಫ್ರೇನಿಯಾ ರೋಗಿಗಳಲ್ಲಿ ಶೇ. 58 ಮಂದಿಗೆ ಒಂಬತ್ತು ತಿಂಗಳೊಳಗೆ ರೋಗ ಮರುಕಳಿಸಿತು. ಶಾಂತವಾಗಿದ್ದ ಮನೆಗಳಲ್ಲಿ ಶೇ. 16 ಮಂದಿಗೆ ಮಾತ್ರ. ರೋಗಕ್ಕೆ ಮನೆಯವರೇ ಕಾರಣ ಎಂದು ಇದರ ಅರ್ಥವಲ್ಲ, ಹಾಗೆ ತಾಯಂದಿರನ್ನು ದೂಷಿಸುವವರ ಮಾತಿಗೆ ಕಿವಿಗೊಡಬೇಡಿ. ಬಂದ ರೋಗ ಮರುಕಳಿಸುವುದರಲ್ಲಿ ಮನೆಯ ಮಾತಿಗೆ ಪಾಲಿದೆ ಎಂದಷ್ಟೇ.

ಮುಂದಿನ ಅಧ್ಯಯನದಲ್ಲಿ ಇನ್ನೊಂದು ಅಂಶ ಬೆಳಕಿಗೆ ಬಂತು. ಟೀಕೆ ಹೆಚ್ಚಾಗಿರುವ ಮನೆಯಲ್ಲೂ ರೋಗಿ ಮತ್ತು ಮನೆಯವರು ಮುಖಾಮುಖಿಯಾಗಿರುವ ಸಮಯ ವಾರಕ್ಕೆ 35 ಗಂಟೆಗಿಂತ ಕಡಿಮೆಯಿದ್ದರೆ ಅಪಾಯವೂ ಕಡಿಮೆ. ಹಗಲು ಚಿಕಿತ್ಸೆಯ ಒಂದು ದೊಡ್ಡ ಲಾಭ ಇಲ್ಲಿದೆ. ಮಗಳಿಗೆ ಕೆಲವು ಗಂಟೆ ಮನೆಯಿಂದ ಬಿಡುವು, ತಾಯಿಗೆ ಕೆಲವು ಗಂಟೆ ಮಗಳ ಚಿಂತೆಯಿಂದ ಬಿಡುವು. ರೋಗಿಯನ್ನು ನೋಡಿಕೊಳ್ಳುವ ಹೆಂಗಸಿಗೂ ಒಂದು ಬೆನ್ನಿದೆ, ಅದಕ್ಕೂ ನೋವಾಗುತ್ತದೆ ಎಂಬುದನ್ನು ನಮ್ಮ ಗಂಡಸರು ಬೇಗ ಮರೆಯುತ್ತಾರೆ.

ನಮ್ಮ ಪಾಲಿಗೆ ಸಂತೋಷದ ಸಂಗತಿಯೂ ಇದೆ. ಇದೇ ಅಳತೆಗೋಲನ್ನು ಹಿಡಿದು ಡಾ. ಎನ್.ಎನ್. ವಿಗ್ ಮತ್ತು ಲಂಡನ್‌ನ ಜೂಲಿಯನ್ ಲೆಫ್ ಮೊದಲಾದವರು ಚಂಡೀಗಢದ ಕುಟುಂಬಗಳನ್ನು ನೋಡಿದರು. 1987ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಲಂಡನ್ನಿಗಿಂತ ಚಂಡೀಗಢದ ಮನೆಗಳಲ್ಲಿ ಟೀಕೆ ಕಡಿಮೆಯಿತ್ತು. ತುಂಬಿದ ಮನೆ, ಸಹನೆಯ ರೂಢಿ ನಮ್ಮ ಆಸ್ತಿ. ಆದರೆ ಆ ಆಸ್ತಿಯನ್ನು ನಾವು ಎಷ್ಟು ಉಳಿಸಿಕೊಂಡಿದ್ದೇವೆ?

'ನಿನಗೆ ಏನು ಕಮ್ಮಿ ಮಾಡಿದ್ದೇವೆ?' 'ಇದೆಲ್ಲ ಮೊಬೈಲಿನಿಂದ ಬಂದದ್ದು.' 'ನಮಾಝ್ ಸರಿಯಾಗಿ ಮಾಡಿದ್ದರೆ ಹೀಗಾಗುತ್ತಿತ್ತಾ?' 'ನಮ್ಮ ಕಾಲದಲ್ಲಿ ಡಿಪ್ರೆಶನ್ ಎಂಬುದೇ ಇರಲಿಲ್ಲ.' ಈ ಮಾತುಗಳನ್ನು ನೀವೆಲ್ಲ ಕೇಳಿದ್ದೀರಿ. ಸ್ವಲ್ಪ ಯೋಚಿಸಿ. ಖಿನ್ನತೆಯಿಂದ ಹಾಸಿಗೆ ಬಿಟ್ಟು ಏಳಲಾಗದ ಹುಡುಗಿಗೆ ತನ್ನ ನಮಾಝ್ ತಪ್ಪುತ್ತಿದೆ ಎಂಬ ಕೊರಗು ನಿಮಗಿಂತ ಹೆಚ್ಚಾಗಿ ಅವಳಿಗೇ ಇರುತ್ತದೆ. ಮೇಲಿಂದ ನಾವು ಅದನ್ನೇ ಎತ್ತಿ ಆಡಿದರೆ ಅವಳು ತನ್ನನ್ನು ಪಾಪಿ ಎಂದೇ ತೀರ್ಮಾನಿಸಿಬಿಡುತ್ತಾಳೆ. ಕಾಲು ಮುರಿದವನಿಗೆ ಕುಳಿತು ನಮಾಝ್ ಮಾಡು ಎಂದು ರಿಯಾಯಿತಿ ಹೇಳಿಕೊಡುವ ನಾವು ಮನಸ್ಸು ಮುರಿದವಳ ಮೇಲೇಕೆ ಕಟುವಾಗುತ್ತೇವೆ?

ಅತಿಯಾದ ಕಾಳಜಿಯೂ ತೊಂದರೆಯೇ. ಹದಿನೇಳರ ಮಗಳಿಗೆ ಉಮ್ಮ ತುತ್ತು ಮಾಡಿ ಉಣಿಸುವುದು, ಬಚ್ಚಲಿಗೆ ಹೋದರೆ ಬಾಗಿಲ ಬಳಿ ನಿಲ್ಲುವುದು, ಅವಳೆದುರೇ ಕಣ್ಣೀರಿಡುವುದು, ಬಂದ ನೆಂಟರಿಗೆಲ್ಲ 'ಪಾಪ, ಅವಳಿಗೆ ಹುಷಾರಿಲ್ಲ' ಎನ್ನುವುದು. ಜೀವಕ್ಕೆ ಅಪಾಯವಿದೆ ಎಂದು ಡಾಕ್ಟರು ಎಚ್ಚರಿಸಿದ್ದರೆ ಕಾವಲು ಬೇಕೇ ಬೇಕು. ಇಲ್ಲದಿದ್ದರೆ ತಟ್ಟೆ ತೊಳೆಯುವುದು, ತಮ್ಮನಿಗೆ ಪಾಠ ಹೇಳಿಕೊಡುವುದು ಮುಂತಾದ ಸಣ್ಣ ಕೆಲಸಗಳನ್ನು ಅವಳ ಕೈಗೆ ಬಿಡಿ. ಒಂದು ದಿನ ಮಾಡದಿದ್ದರೆ ಗದರಬೇಡಿ, ಮರುದಿನ ಮತ್ತೆ ಕೊಡಿ.

ಈ ಚಿಕಿತ್ಸೆ ಎಲ್ಲರಿಗೂ ಅಲ್ಲ. ಜೀವ ಕಳೆದುಕೊಳ್ಳುವ ಮಾತನಾಡುತ್ತಾ ಅದಕ್ಕೆ ಸಿದ್ಧತೆಯನ್ನೂ ಮಾಡಿಕೊಂಡವರು, ಅನ್ನ ನೀರು ಬಿಟ್ಟವರು, ಇಲ್ಲದ ದನಿಗಳನ್ನು ಕೇಳಿ ತಮಗೋ ಇತರರಿಗೋ ಅಪಾಯ ಮಾಡಬಹುದಾದವರು ಅಡ್ಮಿಟ್ ಆಗಲೇಬೇಕು. ಬಾಣಂತಿಯ ಮಾತಂತೂ ಇನ್ನೂ ಸೂಕ್ಷ್ಮ. ಹೆರಿಗೆಯಾದ ಕೆಲವೇ ದಿನಗಳಲ್ಲಿ ನಿದ್ದೆಗೆಟ್ಟು, ಅಸಂಬದ್ಧವಾಗಿ ಮಾತನಾಡುತ್ತಾ, ಮಗುವನ್ನು ತನ್ನದಲ್ಲವೆಂದೋ ಮಗುವಿಗೆ ಏನೋ ಸೇರಿಕೊಂಡಿದೆಯೆಂದೋ ಹೇಳುವ ಹೆಣ್ಣನ್ನು ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು. ಬೆಳಗಾಗಲಿ, ನಲವತ್ತು ಕಳೆಯಲಿ ಎಂದು ಕಾಯುವಂತಿಲ್ಲ. ಇಂತಹ ತಾಯಂದಿರನ್ನು ಮಗುವಿನ ಸಮೇತ ದಾಖಲಿಸಿಕೊಳ್ಳುವ ವಿಭಾಗವನ್ನು ನಿಮ್ಹಾನ್ಸ್ 2009ರಲ್ಲಿ ಆರಂಭಿಸಿತು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯೂ ಚಿಕಿತ್ಸೆ ಪಡೆಯುತ್ತಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಬಾರದು ಎನ್ನುತ್ತದೆ. 'ಹುಚ್ಚಿಯ ಕೈಯಲ್ಲಿ ಮಗು ಯಾಕೆ' ಎಂದು ಮಗುವನ್ನು ಕಿತ್ತುಕೊಂಡು ತವರಿಗೆ ಕಳುಹಿಸುವವರು ಇದನ್ನು ತಿಳಿದಿರಲಿ.

ಏನೋ ಸೇರಿಕೊಂಡಿದೆ ಎಂಬ ಮಾತು ಬಂದ ಮೇಲೆ ಇನ್ನೊಂದು ವಿಷಯ ಹೇಳದೆ ಮುಂದೆ ಹೋಗಲಾಗದು. 2001ರ ಆಗಸ್ಟ್ 6ರ ನಸುಕಿನಲ್ಲಿ ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಎರ್ವಾಡಿಯಲ್ಲಿ ಬೆಂಕಿ ಬಿತ್ತು. ದರ್ಗಾಕ್ಕೆ ಬಂದ ಮನೋರೋಗಿಗಳನ್ನು ಇಟ್ಟುಕೊಳ್ಳುತ್ತಿದ್ದ ಖಾಸಗಿ ಶೆಡ್ಡು ಅದು. ಸರಪಳಿಯಲ್ಲಿ ಕಟ್ಟಿಹಾಕಿದ್ದರಿಂದ ಅವರು ಓಡಲಾಗಲಿಲ್ಲ. 28 ಮಂದಿ ಸುಟ್ಟು ಸತ್ತರು. ಅವರನ್ನು ಅಲ್ಲಿ ಬಿಟ್ಟು ಬಂದವರು ಕಟುಕರಲ್ಲ, ಎಲ್ಲ ಕಡೆ ಸೋತು ಬಂದ ತಾಯಿ ತಂದೆಯರು, ಅಣ್ಣ ತಮ್ಮಂದಿರು. ಸುಪ್ರೀಂ ಕೋರ್ಟು ತಾನಾಗಿಯೇ ಈ ಪ್ರಕರಣವನ್ನು ಕೈಗೆತ್ತಿಕೊಂಡಿತು. ಇಂದಿನ ಕಾಯ್ದೆಯಂತೆ ಮನೋರೋಗಿಯನ್ನು ಯಾವುದೇ ರೀತಿಯಲ್ಲಿ ಸರಪಳಿಯಿಂದ ಬಂಧಿಸುವುದು ನಿಷಿದ್ಧ.

ದುಆ ಮಾಡುವುದನ್ನಾಗಲಿ ಕುರ್‌ಆನ್ ಓದಿ ಊದುವುದನ್ನಾಗಲಿ ಯಾವ ಡಾಕ್ಟರೂ ಬೇಡವೆನ್ನುವುದಿಲ್ಲ. ಮನಸ್ಸಿಗೆ ಅದರಿಂದ ನೆಮ್ಮದಿಯಿದೆ. ಆದರೆ ಮಾತ್ರೆ ನಿಲ್ಲಿಸು ಎನ್ನುವವರು, ಹೊಡೆದು ಬಿಡಿಸುತ್ತೇನೆ ಎನ್ನುವವರು, ಹೆಣ್ಣುಮಗಳನ್ನು ಒಂಟಿಯಾಗಿ ಕೋಣೆಯಲ್ಲಿ ಕೂರಿಸು ಎನ್ನುವವರು ಯಾರೇ ಆಗಿರಲಿ, ಯಾವ ಉಡುಪಿನಲ್ಲೇ ಇರಲಿ, ಅಲ್ಲಿಂದ ಎದ್ದು ಬನ್ನಿ. ಚಿಕಿತ್ಸೆ ಮಾಡಿಸಿಕೊಳ್ಳಿ ಎಂಬುದು ಪ್ರವಾದಿ(ಸ)ಯವರ ಆದೇಶ. ಅದರಲ್ಲಿ ದೇಹದ ಕಾಯಿಲೆಗೆ ಮಾತ್ರ ಎಂಬ ಷರತ್ತಿಲ್ಲ. ಹತ್ತನೇ ಶತಮಾನದಲ್ಲಿ ನಿಧನರಾದ ವಿದ್ವಾಂಸ ಅಬೂ ಝೈದ್ ಅಲ್ ಬಲ್ಖಿ ದೇಹ ಮತ್ತು ಮನಸ್ಸು ಎರಡರ ಆರೋಗ್ಯದ ಬಗ್ಗೆ ಒಂದೇ ಗ್ರಂಥ ಬರೆದು, ಭಯ, ದುಃಖ, ಕೋಪಗಳಿಗೆ ಪರಿಹಾರವನ್ನು ವೈದ್ಯಶಾಸ್ತ್ರದ ಭಾಗವಾಗಿಯೇ ಚರ್ಚಿಸಿದ್ದರು. ಸಾವಿರ ವರ್ಷಗಳ ಬಳಿಕ ನಮ್ಮ ಮನೆಗಳಲ್ಲಿ ಇದೇ ವಿಷಯಕ್ಕೆ ಪಿಸುಮಾತು ಬೇಕಾಗಿದೆ.

ರಮಝಾನ್ ಬಂದಾಗ ಒಂದು ಎಚ್ಚರಿಕೆ ಅಗತ್ಯ. ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರ ದೇಹದಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಏರಿ ವಿಷವಾಗಬಹುದು. ಬೇಸಿಗೆಯ ಉಪವಾಸದಲ್ಲಿ ಇದು ನಿಜವಾದ ಅಪಾಯ. ಉಪವಾಸ ಹಿಡಿಯಬಹುದೇ, ಮಾತ್ರೆಯ ಹೊತ್ತನ್ನು ಸಹರಿ ಇಫ್ತಾರಿಗೆ ಬದಲಿಸಬಹುದೇ ಎಂದು ಶಅಬಾನ್ ತಿಂಗಳಲ್ಲೇ ಡಾಕ್ಟರನ್ನು ಕೇಳಿ. ಬೇಡವೆಂದರೆ ಬೇಡ. ರೋಗಿಗೆ ವಿನಾಯಿತಿ ಕೊಟ್ಟವನು ಅಲ್ಲಾಹನೇ ಆಗಿರುವಾಗ ಅತ್ತಿಗೆ ನಾದಿನಿಯರು ಏನೆಂದಾರು ಎಂದು ಹೆದರಿ ಕದ್ದು ಮುಚ್ಚಿ ಉಣ್ಣುವ ಸ್ಥಿತಿ ಆಕೆಗೆ ಯಾಕೆ?

ಚಿಕಿತ್ಸೆಯನ್ನು ಅರ್ಧಕ್ಕೆ ನಿಲ್ಲಿಸುವ ಇನ್ನೊಂದು ಕಾರಣ ಮದುವೆ. ಮಗಳು ಸ್ವಲ್ಪ ನಗತೊಡಗಿದಳು, ಸಂಬಂಧವೂ ಬಂತು, ಇನ್ನು ದಿನಾ ಆಸ್ಪತ್ರೆಗೆ ಹೋದರೆ ಸುದ್ದಿಯಾಗುತ್ತದೆ ಎಂದು ಮಾತ್ರೆ ಮತ್ತು ಭೇಟಿ ಎರಡನ್ನೂ ನಿಲ್ಲಿಸುತ್ತಾರೆ. ಮದುವೆಯಾದರೆ ಎಲ್ಲ ಸರಿಹೋಗುತ್ತದೆ ಎನ್ನುವ ಹಿರಿಯರೂ ಕೆಲವರಿದ್ದಾರೆ. ಹೊಸ ಮನೆ, ಹೊಸ ಜನ, ನಿದ್ದೆಗೇಡು, ಮೇಲಿಂದ ಮಾತ್ರೆಯೂ ಇಲ್ಲ. ಕಾಯಿಲೆ ಮರಳಿ ಬರಲು ಇದಕ್ಕಿಂತ ಹೆಚ್ಚೇನು ಬೇಕು? ಖಿನ್ನತೆ ಪೂರ್ತಿ ಇಳಿದ ಮೇಲೂ ಕನಿಷ್ಠ ಆರರಿಂದ ಒಂಬತ್ತು ತಿಂಗಳು ಮಾತ್ರೆ ಮುಂದುವರಿಸಬೇಕೆಂಬುದು ವೈದ್ಯರ ಸಾಮಾನ್ಯ ಸಲಹೆ. ಕೆಲವು ಕಾಯಿಲೆಗಳಿಗೆ ವರ್ಷಗಟ್ಟಲೆ ಬೇಕು. ಮುಚ್ಚಿಟ್ಟು ಮಾಡಿದ ಮದುವೆಯಲ್ಲಿ ಹುಡುಗಿ ಗಂಡನೆದುರು ಮಾತ್ರೆ ನುಂಗಲಾಗದೆ ಒದ್ದಾಡುತ್ತಾಳೆ. ಈ ಮಾತು ಗಂಡುಮಕ್ಕಳಿಗೂ ಅನ್ವಯಿಸುತ್ತದೆ. ಮಗನ ಕಾಯಿಲೆ ಮುಚ್ಚಿಟ್ಟು ಬಡಮನೆಯ ಹೆಣ್ಣು ತಂದು ಅವಳನ್ನೇ ದಾದಿಯಾಗಿಸುವ ಪದ್ಧತಿಗೆ ನನ್ನ ಕಟು ವಿರೋಧವಿದೆ.

ಇಷ್ಟೆಲ್ಲ ಸರಿ, ನಮ್ಮೂರಿನಲ್ಲಿ ಇದು ಎಲ್ಲಿ ಸಿಗುತ್ತದೆ ಎಂದು ಕೇಳುತ್ತೀರಿ. ಅಮೆರಿಕದ ಮಾದರಿಯಲ್ಲಿ, ಹದಿಹರೆಯದವರಿಗೆ ಬೇರೆ ಗುಂಪು ಇಟ್ಟು ನಡೆಸುವ ಕೇಂದ್ರಗಳು ನಮ್ಮಲ್ಲಿ ತುಂಬ ವಿರಳ, ಇದ್ದರೂ ದೊಡ್ಡ ನಗರಗಳಲ್ಲಿ. ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗದಲ್ಲಿ ಹಗಲು ಹೊತ್ತು ಬಂದು ಬೇಕರಿ, ಹೊಲಿಗೆಯಂತಹ ಕೆಲಸ ಕಲಿಯುತ್ತಾ ಚೇತರಿಸಿಕೊಳ್ಳುವ ವ್ಯವಸ್ಥೆಯಿದೆ. ರಾಜ್ಯ ಸರಕಾರದ 'ಮಾನಸಧಾರ' ಯೋಜನೆಯಡಿ ಕೆಲವು ಜಿಲ್ಲೆಗಳಲ್ಲಿ ಹಗಲು ಆರೈಕೆ ಕೇಂದ್ರಗಳು ಆರಂಭವಾದವು. ನಿಮ್ಮ ಜಿಲ್ಲೆಯಲ್ಲಿ ಇದೆಯೇ ಎಂದು ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ಅಥವಾ ಆಶಾ ಕಾರ್ಯಕರ್ತೆಯಲ್ಲಿ ವಿಚಾರಿಸಿ. ಕೊರತೆ ದೊಡ್ಡದು. 2015–16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ ವಯಸ್ಕರಲ್ಲಿ ಶೇ. 10.6 ಮಂದಿಗೆ ಮತ್ತು 13ರಿಂದ 17ರ ವಯಸ್ಸಿನವರಲ್ಲಿ ಶೇ. 7.3 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಹೆಚ್ಚಿನ ಕಾಯಿಲೆಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ರೋಗಿಗಳಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಕೇಂದ್ರ ದೂರವಿದ್ದರೆ ಕೈಕಟ್ಟಿ ಕೂರಬೇಕಾಗಿಲ್ಲ. ತಿಂಗಳಿಗೊಮ್ಮೆಯ ಬದಲು ಮೊದಲ ಎರಡು ತಿಂಗಳು ವಾರಕ್ಕೊಮ್ಮೆ ನೋಡುವಿರಾ ಎಂದು ಡಾಕ್ಟರನ್ನೇ ಕೇಳಿ. ಆಪ್ತಸಮಾಲೋಚಕರ ಭೇಟಿಯನ್ನು ಬೇರೆ ದಿನಕ್ಕೆ ಇಟ್ಟುಕೊಂಡರೆ ವಾರಕ್ಕೆ ಎರಡು ಸಲ ಆಯಿತು. ನಡುವಿನ ದಿನಗಳಲ್ಲಿ ಕೇಂದ್ರ ಸರಕಾರದ ಟೆಲಿ ಮನಸ್ ಸಹಾಯವಾಣಿ ಇದೆ, ಸಂಖ್ಯೆ 14416. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಇದು ಹಗಲು ರಾತ್ರಿ ಲಭ್ಯ, ಉಚಿತ, ಕನ್ನಡದಲ್ಲೂ ಮಾತನಾಡುತ್ತಾರೆ. ನೆರೆಮನೆಗೆ ಗೊತ್ತಾಗುವ ಭಯವಿರುವವರಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಮನೆಯಲ್ಲಿ ಏಳುವ, ಉಣ್ಣುವ, ನಡೆಯುವ, ಮಲಗುವ ಹೊತ್ತನ್ನು ಗೊತ್ತುಮಾಡಿ. ಐದು ಹೊತ್ತಿನ ಬಾಂಗು ಕೇಳುವ ಊರಿನಲ್ಲಿ ಇದಕ್ಕೆ ಬೇರೆ ಗಡಿಯಾರ ಬೇಕಿಲ್ಲ. ಮಾತ್ರೆಗಳನ್ನು ಹಿರಿಯರೊಬ್ಬರ ಕೈಯಲ್ಲಿ ಬೀಗದೊಳಗಿಡಿ. ತೋಟದ ಕೀಟನಾಶಕ, ಇಲಿಪಾಷಾಣಗಳನ್ನು ಮನೆಯಿಂದ ಸಾಗಿಸಿ.

ನೆರೆಕರೆಯವರಿಗೆ ಏನು ಹೇಳುವುದು ಎಂಬ ಪ್ರಶ್ನೆ ಉಳಿಯಿತು. ಎಲ್ಲರಿಗೂ ಎಲ್ಲವನ್ನೂ ಹೇಳಬೇಕಾದ ಹಂಗು ನಿಮಗಿಲ್ಲ. 'ಮಗಳಿಗೆ ಹುಷಾರಿಲ್ಲ, ಡಾಕ್ಟರು ವಾರಕ್ಕೆ ನಾಲ್ಕು ದಿನ ಬರಲು ಹೇಳಿದ್ದಾರೆ' ಎಂದರೆ ಸಾಕು, ಅದರಲ್ಲಿ ಸುಳ್ಳೇನೂ ಇಲ್ಲ. ಕಾಲೇಜಿನ ಪ್ರಾಂಶುಪಾಲರಿಗೆ ಮಾತ್ರ ಡಾಕ್ಟರ ಪತ್ರ ತೋರಿಸಿ, ಹಾಜರಿ ಮತ್ತು ಪರೀಕ್ಷೆಯ ವಿಷಯ ಮೊದಲೇ ಮಾತನಾಡಿಕೊಳ್ಳಿ. ಅದಕ್ಕಿಂತ ಮೊದಲು ಮಗಳನ್ನು ಕೇಳಿ, ಯಾರಿಗೆ ಎಷ್ಟು ತಿಳಿಯಬೇಕೆಂಬುದರಲ್ಲಿ ಅವಳ ಮಾತೂ ಇರಲಿ.

ಆ ತಾಯಿ ಈ ವಾರವೇ ಹೊರಡುವುದಾದರೆ ಒಂದು ಹಾಳೆಯಲ್ಲಿ ಬರೆದುಕೊಳ್ಳಲಿ. ತೊಂದರೆ ಯಾವಾಗ ಶುರುವಾಯಿತು, ನಿದ್ದೆ ಎಷ್ಟು ಗಂಟೆ, ಊಟ ಎಷ್ಟು, ಮುಟ್ಟು ಸರಿಯಾಗಿದೆಯೇ, ಕುಟುಂಬದಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತೇ, ಸಾಯುವ ಮಾತು ಎಂದಾದರೂ ಬಂದಿದೆಯೇ, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಹೆಸರು. ನಾಟಿ ಮದ್ದು ಕೊಟ್ಟಿದ್ದರೆ, ನೂಲು ತಾಯಿತ ಕಟ್ಟಿಸಿದ್ದರೆ ಅದನ್ನೂ ಅಡಗಿಸದೆ ಬರೆಯಲಿ, ಡಾಕ್ಟರು ನಗುವುದಿಲ್ಲ. ಬಿಪಿಎಲ್ ಕಾರ್ಡ್, ಆಧಾರ್, ಹಳೆಯ ಚೀಟಿಗಳು ಜೊತೆಗಿರಲಿ. ಬಸ್ಸಿನಲ್ಲಿ ಹೋಗುವುದಾದರೆ ಒಂದು ಬಾಟಲಿ ನೀರು, ಮಗಳಿಗಿಷ್ಟವಾದ ತಿಂಡಿ ಸ್ವಲ್ಪ. ಎರಡನೆಯ ವಾರದಿಂದ ಸಾಧ್ಯವಾದರೆ ಒಂದು ದಿನ ಅವಳ ಬಾಪನೂ ಅಂಗಡಿಗೆ ರಜೆ ಹಾಕಿ ಜೊತೆಗೆ ಹೋಗಲಿ, ಮನೆಯವರ ಸಭೆ ಇರುವ ದಿನ ಯಾವುದೆಂದು ಮೊದಲೇ ಕೇಳಿಟ್ಟುಕೊಳ್ಳಿ.